ಬಿಡು ಎಂದು ಕೂಗಿದವಳು

ಸುಳ್ಳು ಹೇಳುವುದನ್ನು ನಾನು ಸಂಬಳ ತೆಗೆದುಕೊಂಡು ಕಲಿಸುತ್ತೇನೆ. ತಮಾಷೆಯಲ್ಲ. ಕೊಡಿಗೇಹಳ್ಳಿಯ ರೈಲು ಹಳಿ ಪಕ್ಕದ ಮೈದಾನದಲ್ಲಿ ಹುಡುಗಿಯರಿಗೆ ಫುಟ್‌ಬಾಲ್ ಹೇಳಿಕೊಡುವುದು ನನ್ನ ಕೆಲಸ. ಅದರಲ್ಲೂ ಫ್ರೀ ಕಿಕ್ ಅಂದರೆ ನನಗೆ ಪ್ರಾಣ. ಎದುರಾಳಿಗಳು ತಪ್ಪು ಮಾಡಿ ರೆಫ್ರಿ ಸೀಟಿ ಊದಿದ ಮೇಲೆ ಚೆಂಡು ನಮ್ಮದು. ಎದುರಿಗೆ ಐದು ಜನ ಗೋಡೆಯ ಹಾಗೆ ಅಡ್ಡ ನಿಂತಿರುತ್ತಾರೆ, ಅವರ ಹಿಂದೆ ಗೋಲ್‌ಕೀಪರ್ ಕಾಯುತ್ತಿರುತ್ತಾಳೆ. ಅಷ್ಟೂ ಜನರಿಗೆ ಒಂದೇ ಗಳಿಗೆಯಲ್ಲಿ ಟೋಪಿ ಹಾಕಬೇಕು. ಕಾಲಿನ ಬಲ ಆಮೇಲಿನ ಮಾತು.

ನನ್ನ ಪಟ್ಟು ಸರಳ. ಚೆಂಡಿನ ಹಿಂದೆ ಇಬ್ಬರು. ಮೊದಲನೆಯವಳು ಇನ್ನೇನು ಒದ್ದಳು ಎನ್ನುವ ಹಾಗೆ ಓಡಿಬಂದು, ಒದೆಯದೆ, ಚೆಂಡಿನ ಮೇಲಿಂದ ಜಿಗಿದು ಹೋಗುತ್ತಾಳೆ. ಅದಕ್ಕೆ ನಾವು ಸುಳ್ಳು ಓಟ ಅನ್ನುತ್ತೇವೆ. ಗೋಡೆ ಅಲುಗುತ್ತದೆ, ಕೀಪರ್ ಒಂದು ಕಡೆ ವಾಲುತ್ತಾಳೆ, ಎರಡನೆಯವಳು ಇನ್ನೊಂದು ಕಡೆ ಹೊಡೆಯುತ್ತಾಳೆ. ಹೇಳುವುದಕ್ಕೆ ಇಷ್ಟೇ. ಆದರೆ ಹತ್ತರಲ್ಲಿ ಒಂಬತ್ತು ಹುಡುಗಿಯರ ಸುಳ್ಳು ಅರ್ಧ ದಾರಿಯಲ್ಲೇ ಬಯಲಾಗುತ್ತದೆ. ತಾನು ಒದೆಯುವುದಿಲ್ಲ ಎಂದು ಗೊತ್ತಿರುವವಳು ಚೆಂಡಿನಿಂದ ಕಣ್ಣು ಎತ್ತಿಬಿಡುತ್ತಾಳೆ. ಬುದ್ಧಿವಂತ ಕೀಪರ್‌ಗೆ ಅಷ್ಟು ಸಾಕು.

"ಕಣ್ಣು ಎತ್ತಬೇಡ ಕಣೇ ಕತ್ತೆ! ಸುಳ್ಳು ಹೇಳೋರು ಕಣ್ಣಲ್ಲೇ ಸಿಕ್ಕಾಕ್ಕೊಳ್ಳೋದು!" ಎಂದು ದಿನಕ್ಕೆ ನೂರು ಸಲ ಕಿರುಚುತ್ತೇನೆ. ಹಳಿಯ ಆಚೆಯ ಟೀ ಅಂಗಡಿಯವರಿಗೂ ಈ ಮಾತು ಬಾಯಿಪಾಠವಾಗಿದೆ.

ಯಾವಾಗ ಸುಳ್ಳು ಓಟ, ಯಾವಾಗ ನಿಜವಾದ ಒದೆತ ಎನ್ನುವುದು ಗೆರೆಯಾಚೆ ನಿಂತ ನನ್ನ ಬಾಯಲ್ಲಿತ್ತು. ನಾನು ಸುಮ್ಮನಿದ್ದರೆ ಮೊದಲನೆಯವಳೇ ಹೊಡೆಯಬೇಕು. "ಬಿಡು" ಎಂದು ಕೂಗಿದರೆ ಚೆಂಡನ್ನು ಎರಡನೆಯವಳಿಗೆ ಬಿಟ್ಟು ಹೋಗಬೇಕು. ಎದುರಾಳಿಗಳಿಗೂ ಕನ್ನಡ ಬರುತ್ತದಲ್ಲ ಅನ್ನುತ್ತೀರಾ? ಮಜಾ ಇರುವುದೇ ಅಲ್ಲಿ. ಬ್ಯಾಟರಾಯನಪುರದಲ್ಲಿ ಹುಟ್ಟಿ ಬೆಳೆದವಳು ನಾನು. ನಮ್ಮಲ್ಲಿ ಬಾಣ ಬಿಡು ಅನ್ನುತ್ತೇವೆ, ರಾಕೆಟ್ ಬಿಡು ಅನ್ನುತ್ತೇವೆ, ಜಗಳದಲ್ಲಿ "ಬಿಡು ಅವನಿಗೊಂದು" ಅನ್ನುತ್ತೇವೆ. ಎದುರಾಳಿಗಳ ಕಿವಿಗೆ ಅದು "ಹೊಡಿ" ಎಂದು ಕೇಳಿಸುತ್ತದೆ, ನಮ್ಮವರ ಕಿವಿಗೆ "ಮುಟ್ಟಬೇಡ" ಎಂದು. ಈ ಉಪಾಯ ಹೊಳೆದ ದಿನ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಸುಳ್ಳು ಓಟಕ್ಕೆಂದೇ ಹುಟ್ಟಿದಂತೆ ಒಬ್ಬಳಿದ್ದಳು. ಇಪ್ಪತ್ತು ವರ್ಷ. ಅವಳ ಅಪ್ಪ ಬಾಗಲಕೋಟೆ ಕಡೆಯವರು, ಯಲಹಂಕದ ಒಂದು ಫ್ಯಾಕ್ಟರಿಯಲ್ಲಿ ಮಶೀನು ನಡೆಸುತ್ತಿದ್ದರು. ಇವಳು ಓಡಿಬಂದರೆ, ಪಟ್ಟು ಕಟ್ಟಿದ ನನಗೇ ಇವಳು ಹೊಡೆಯುತ್ತಾಳೆ ಅನ್ನಿಸುತ್ತಿತ್ತು. ಮೂರು ಹೆಜ್ಜೆ, ದಪ್ ದಪ್ ದಪ್. ಕಣ್ಣು ಚೆಂಡಿನ ಮೇಲೆ, ಭುಜ ಕೆಳಗೆ. ಆಮೇಲೆ ಒದೆತದ ಸದ್ದು ಬರಬೇಕಾದ ಕಡೆ ಏನೂ ಇಲ್ಲ. ಅಷ್ಟರಲ್ಲಿ ಅವಳು ಚೆಂಡು ದಾಟಿರುತ್ತಿದ್ದಳು.

ಹಾಗಂತ ಅವಳಿಗೆ ಹೊಡೆಯಲು ಬರುತ್ತಿರಲಿಲ್ಲ ಎಂದಲ್ಲ. ಬಲಗಾಲಲ್ಲಿ ಹೊಡೆದರೆ ಗೋಡೆಗೆಂದು ನಾನು ನಿಲ್ಲಿಸಿದ್ದ ನೀಲಿ ನೀರಿನ ಡ್ರಮ್ಮು ಉರುಳಿ ಹೋಗುತ್ತಿತ್ತು. ಆದರೆ ಹೊಡೆಯುವವರು ಎಲ್ಲಿ ಬೇಕಾದರೂ ಸಿಗುತ್ತಾರೆ, ಹೀಗೆ ಬಿಡುವವಳು ಸಿಗುವುದಿಲ್ಲ ಎಂದು ಎರಡು ವರ್ಷ ಅವಳನ್ನು ಅದಕ್ಕೇ ಇಟ್ಟುಕೊಂಡೆ. ಗೋಲುಗಳೆಲ್ಲ ಎರಡನೆಯವಳ ಹೆಸರಿಗೆ ಹೋದವು. ಅವಳು ಒಂದು ದಿನವೂ ಗೊಣಗಲಿಲ್ಲ. ಗೊಣಗಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು.

ಆ ವರ್ಷ ನಮ್ಮ ತಂಡ ಫೈನಲ್ಲಿಗೆ ಬಂತು. ಒಂದು ಸರ್ಕಾರಿ ಕಚೇರಿಯವರು ತಮ್ಮ ಮಹಿಳಾ ತಂಡಕ್ಕೆ ಒಬ್ಬಳನ್ನು ಆರಿಸಿಕೊಳ್ಳುತ್ತಾರೆ, ಆಟ ನೋಡಲು ಇಬ್ಬರು ಬರುತ್ತಾರೆ ಎಂದು ಫೋನು ಬಂತು. ಫ್ರೀ ಕಿಕ್ ಹೊಡೆಯುವವಳು ಬೇಕು ಎಂದು ಅವರೇ ಬಾಯಿಬಿಟ್ಟು ಹೇಳಿದರು. ಕೆಲಸವೂ ಸಿಗುತ್ತದೆ, ಆಟವೂ ಉಳಿಯುತ್ತದೆ. ಅದೇ ವಾರ ಅವಳ ಅಪ್ಪ ಮೈದಾನಕ್ಕೆ ಬಂದು ಚಪ್ಪಲಿ ಬಿಟ್ಟು ನನ್ನ ಮುಂದೆ ನಿಂತರು.

"ಮೇಡಮ್ಮರ, ಎರಡ ವರ್ಷ ಆಡಾಕ ಬಿಟ್ಟೀನ್ರಿ. ಇದರಾಗ ಆತಂದ್ರ ಆತು. ಇಲ್ಲಂದ್ರ ಸೋಮವಾರದಿಂದ ಗಾರ್ಮೆಂಟ್ಸ್‌ಗೆ ಹೋಗ್ತಾಳ. ಮನ್ಯಾಗ ಇನ್ನಿಬ್ರು ಸಣ್ಣವ್ರು ಅದಾರ."

ಆ ಮನುಷ್ಯನ ಮೇಲೆ ಕೋಪ ಮಾಡಿಕೊಳ್ಳಲು ನನಗೆ ಒಂದು ಕಾರಣವೂ ಸಿಗಲಿಲ್ಲ.

ಫೈನಲ್ ನಮ್ಮ ಮೈದಾನದಲ್ಲೇ ಇತ್ತು. ಆ ದಿನ ಅವಳು ಶೂ ಲೇಸು ಕಟ್ಟುತ್ತಿದ್ದಾಗ ಪಕ್ಕದಲ್ಲಿ ಕೂತೆ. "ಇವತ್ತು ಬಿಡು ಗಿಡು ಏನೂ ಇಲ್ಲ ಕಣೇ. ನಾನು ಬಾಯಿಗೆ ಬೀಗ ಹಾಕ್ಕೊಂಡಿರ್ತೀನಿ. ಫ್ರೀ ಕಿಕ್ ಸಿಕ್ರೆ ನಿಂದೇ."

"ಖರೇ ಏನ್ರಿ ಮೇಡಮ್?"

"ನನ್ನಾಣೆ."

ಅವಳು ನಕ್ಕಿದ್ದು ಚೆನ್ನಾಗಿ ನೆನಪಿದೆ. ಮುಂದಿನ ಹಲ್ಲು ಒಂದು ಚೂರು ಮುರಿದಿತ್ತು, ನಮ್ಮ ಮೈದಾನದಲ್ಲೇ ಬಿದ್ದು.

ಎರಡೂ ಕಡೆ ಒಂದೊಂದು ಗೋಲು. ಆಟ ಮುಗಿಯಲು ಐದು ನಿಮಿಷವೂ ಇರಲಿಲ್ಲ. ಆಗ ನಮಗೆ ಫ್ರೀ ಕಿಕ್ ಸಿಕ್ಕಿತು, ಗೋಲಿನ ನೇರಕ್ಕೆ, ನಾನೇ ಚೆಂಡು ಇಟ್ಟಂಥ ಜಾಗದಲ್ಲಿ. ಶಾಮಿಯಾನದಡಿ ಕೂತಿದ್ದ ಆ ಇಬ್ಬರಲ್ಲಿ ಒಬ್ಬರು ಟೀ ಲೋಟ ಕೆಳಗಿಟ್ಟು ಎದ್ದು ನಿಂತರು. ಅವಳು ಎಂದಿನಂತೆ ಎರಡನೆಯವಳ ಜೊತೆ ಚೆಂಡಿನ ಹಿಂದೆ ನಿಂತು ನನ್ನ ಕಡೆ ನೋಡಿದಳು. ನಾನು ತಲೆ ಆಡಿಸಿದೆ. ನಿಂದೇ ಅಂತ.

ಅವಳು ಓಡಲು ಶುರು ಮಾಡಿದಳು. ಆಗ ಕೀಪರ್ ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ ಇವಳು ಹೊಡೆಯುವ ಮೂಲೆಯ ಕಡೆ ಸರಿದದ್ದು ಕಂಡಿತು. ಇನ್ನೊಂದು ಪಕ್ಕ ಪೂರಾ ಖಾಲಿ. ಬಾಗಿಲು ತೆಗೆದಿಟ್ಟ ಮನೆಯ ಹಾಗೆ.

"ಬಿಡು!"

ನನ್ನದೇ ದನಿ. ಹಳಿಯಾಚೆಗೂ ಕೇಳಿಸಿರಬೇಕು.

ದಪ್ ದಪ್ ದಪ್. ಜಿಗಿದು ಹೋದಳು. ಎರಡನೆಯವಳು ಹೊಡೆದಳು. ಚೆಂಡು ಬಲೆಯಲ್ಲಿತ್ತು.

ಹುಡುಗಿಯರೆಲ್ಲ ಬಂದು ನನ್ನ ಮೇಲೆ ಬಿದ್ದರು. ಯಾರೋ ನನ್ನನ್ನು ಎತ್ತಿಕೊಂಡರು, ಯಾರೋ ತಲೆಗೆ ನೀರು ಸುರಿದರು. ಅವರ ಭುಜಗಳ ಸಂದಿಯಲ್ಲಿ ಅವಳು ಕಂಡಳು. ಸೊಂಟದ ಮೇಲೆ ಕೈಯಿಟ್ಟು, ಓಟ ಎಲ್ಲಿ ನಿಂತಿತ್ತೋ ಅಲ್ಲೇ ನಿಂತು, ನನ್ನನ್ನು ನೋಡುತ್ತಿದ್ದಳು. ನಾನು ಮುಖ ತಿರುಗಿಸಿ ಗೆದ್ದ ಕಪ್ ಇಸಿದುಕೊಳ್ಳಲು ಹೋದೆ. ಕಚೇರಿಯವರು ಎರಡನೆಯವಳ ಹೆಸರು, ವಿಳಾಸ ಬರೆದುಕೊಂಡರು. ಸೋಮವಾರ ಇವಳು ಮೈದಾನಕ್ಕೆ ಬರಲಿಲ್ಲ. ನಾನು ಅವಳ ಮನೆಗೆ ಹೋಗಲಿಲ್ಲ. ನಮ್ಮ ಮನೆಯಿಂದ ನಡೆದರೆ ಹತ್ತು ನಿಮಿಷ.

ಒಂದು ನೆಪ ನನಗೆ ಬೇಗ ಸಿಕ್ಕಿತು. ಇವತ್ತು ಗುಟ್ಟಿನ ಮಾತು ಇಲ್ಲ ಎಂದು ನಾನೇ ಹೇಳಿದ್ದೆನಲ್ಲ? ಹಾಗಾದರೆ ನಾನು ಕೂಗಿದ್ದು ಬಾಣ ಬಿಡು ಅನ್ನುವ ಬಿಡು. ಹೊಡಿ ಅಂತಲೇ ಹೇಳಿದ್ದೆ, ಪಾಪ, ಅವಳೇ ತಪ್ಪು ತಿಳಿದಳು. ಇದನ್ನು ನೂರು ಸಲ ನನಗೆ ನಾನೇ ಹೇಳಿಕೊಂಡೆ. ಹಗಲು ಹೊತ್ತು ನಂಬಿಕೆಯೂ ಬರುತ್ತಿತ್ತು.

ಆದರೆ ಆ ಪದ ನನ್ನನ್ನು ಬಿಡಲಿಲ್ಲ. ನೋಡಿ, ಅದನ್ನು ಬಿಟ್ಟು ಕನ್ನಡದಲ್ಲಿ ಒಂದು ದಿನ ಕಳೆಯಲು ಆಗುವುದಿಲ್ಲ. ದಾರಿ ಬಿಡಿ ಮೇಡಮ್ ಅನ್ನುತ್ತಾನೆ ಆಟೋದವನು. ತಿಂದುಬಿಡೇ, ಆರೋಗುತ್ತೆ ಅನ್ನುತ್ತಾಳೆ ಅಮ್ಮ. ಪ್ರತಿ ಸಲವೂ ಎದೆಯಲ್ಲಿ ಮೂರು ಹೆಜ್ಜೆ ಓಡುತ್ತವೆ. ಮೇಲಿನ ಮನೆಯ ಮಗು ಓಡಿದರೂ ಅಷ್ಟೇ. ಮೂರು ಹೆಜ್ಜೆ ಎಣಿಸಿ ನಾಲ್ಕನೆಯ ಸದ್ದಿಗೆ ಕಾಯುತ್ತೇನೆ, ಅದು ಬರುವುದಿಲ್ಲ. ಮೈದಾನದಲ್ಲಿ ಹೊಸ ಹುಡುಗಿಯರಿಗೆ ಅದೇ ಪಟ್ಟು ಹೇಳಿಕೊಡುವಾಗ ಓಡಿಬರುವುದು ಯಾರೇ ಆಗಲಿ, ನನಗೆ ಕಾಣುವುದು ಮುರಿದ ಹಲ್ಲು. "ಬಿಡು" ಎಂದು ಕೂಗುವುದನ್ನು ನಿಲ್ಲಿಸಿ ಈಗ ಕೈ ಎತ್ತುತ್ತೇನೆ. ಏಕೆ ಎಂದು ಯಾರೂ ಕೇಳಿಲ್ಲ.

ಹೀಗೆ ಏಳು ವರ್ಷ. ಮೊನ್ನೆ ಹುಡುಗಿಯರ ಹೊಸ ಜೆರ್ಸಿಗಳಿಗೆ ನಂಬರು ಹೊಲಿಸಬೇಕಿತ್ತು. ವಿದ್ಯಾರಣ್ಯಪುರದಲ್ಲಿ ಕೊನೆಯ ಬಸ್‌ಸ್ಟಾಪಿನ ಹತ್ತಿರ ಒಬ್ಬಳು ಚೆನ್ನಾಗಿ ಹೊಲಿಯುತ್ತಾಳೆ ಎಂದರು. ಚೀಲ ಹಿಡಿದು ಹೋದೆ. ಸಣ್ಣ ಅಂಗಡಿ, ಮೇಲೆ ತಂತಿಗೆ ಸಾಲಾಗಿ ನೇತುಹಾಕಿದ ಬ್ಲೌಸುಗಳು, ಒಂದು ಮಶೀನು.

"ನಂಬರ್ ಹೊಲೀಬೇಕಿತ್ತು," ಎಂದೆ.

"ಇಡ್ರಿ ಮೇಡಮ್," ಎಂದಳು ತಲೆ ಎತ್ತದೆ. ಅವಳೇ. ನನ್ನ ದನಿಯಲ್ಲೇ ಗುರುತು ಹಿಡಿದಿದ್ದಳು. ಕಣ್ಣು ಸೂಜಿಯ ಮೇಲೇ ಇತ್ತು. "ಹುಡುಗ್ಯಾರು ಹೆಂಗದಾರ್ರಿ? ಇನ್ನೂ ಕಣ್ಣ ಎತ್ತತಾರ?"

"ಎತ್ತದೆ ಏನು ಮಾಡ್ತಾವೆ, ಎಲ್ಲಾ ಕತ್ತೆಗಳು," ಎಂದೆ. ಅವಳು ನಕ್ಕಳು. ಹಲ್ಲು ಹಾಗೇ ಇತ್ತು. ಓಡಿಹೋಗಬೇಕು ಅನ್ನಿಸಿತು, ಅವಳ ಕಾಲು ಹಿಡಿಯಬೇಕು ಅಂತಲೂ ಅನ್ನಿಸಿತು. ಎರಡೂ ಮಾಡದೆ ಸ್ಟೂಲಿನ ಮೇಲೆ ಕೂತೆ.

ಹೊಲಿಗೆಯ ಸಾಲು ಮುಗಿಸಿ ಅವಳು ಮಶೀನು ನಿಲ್ಲಿಸಿದಳು. ಈಗ ನನ್ನ ಮುಖ ನೋಡಿದಳು.

"ಮೇಡಮ್, ಒಂದ ಮಾತ ಕೇಳ್ಲೇನ್ರಿ? ಅವತ್ತ ನೀವು ಕೂಗಿದ್ದು ಯಾವ ಬಿಡು?"

ಏಳು ವರ್ಷದಿಂದ ತಯಾರು ಮಾಡಿಟ್ಟ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. "ಹೊಡಿ ಅಂತಾನೇ ಕಣೇ. ಬಾಣ ಬಿಡು ಅಂತೀವಲ್ಲ, ಹಂಗೆ. ನೀನು ತಪ್ಪು ತಿಳ್ಕೊಂಡೆ."

ಅವಳ ಮುಖದಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಬೈಸಿಕೊಂಡು ಬರುತ್ತಿದ್ದೆ.

"ಕಣ್ಣ ಎತ್ತಿದ್ರಿ, ಮೇಡಮ್," ಎಂದಳು.

ಹೌದು. ನಾನು ನೋಡುತ್ತಿದ್ದದ್ದು ಮೇಲೆ ನೇತಾಡುವ ಬ್ಲೌಸುಗಳನ್ನು. ಕಣ್ಣು ಕೆಳಗೆ ತರುವಷ್ಟರಲ್ಲಿ ಅವಳು ಮತ್ತೆ ಮಶೀನಿನ ಮೇಲೆ ಬಾಗಿದ್ದಳು.

"ಬಿಡ್ರಿ," ಎಂದಳು.

ಯಾವ ಬಿಡು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.