ಅಮ್ಮ ಮದ್ದು ಹಚ್ಚದೆ ಕಳಿಸಿದವನು

ಬೈಂದೂರು ಪಕ್ಕದ ನಮ್ಮ ಯಡ್ತರೆಯ ಸುತ್ತಮುತ್ತ ಸರ್ಪಸುತ್ತು ಎದ್ದವರು ಇವತ್ತಿಗೂ ಮೊದಲು ಬರುವುದು ನಮ್ಮ ಮನೆಗೆ. ಅಮ್ಮ ಗರಿಕೆ ಅರೆದು, ಕೆಮ್ಮಣ್ಣು ಕಲಸಿ, ನೀರುಗುಳ್ಳೆಗಳ ಸುತ್ತ ಹಚ್ಚುತ್ತಾಳೆ. ಅಜ್ಜಿಯಿಂದ ಬಂದ ವಿದ್ಯೆ. ಆದರೆ ನನಗೆ ಹೆಮ್ಮೆ ಇರುವುದು ಅವಳು ಮದ್ದು ಹಚ್ಚದೆ ಕಳಿಸಿದ ಒಬ್ಬನ ವಿಷಯದಲ್ಲಿ.

ಅವನು ಮುಂಬೈಯ ಹೋಟೆಲಿನಲ್ಲಿ ಅಡುಗೆಗಿದ್ದು, ಹೆಂಡತಿಯೊಂದಿಗೆ ಊರಿಗೆ ಮರಳಿದವನು. ಮೂವತ್ತು ದಾಟಿರಲಿಲ್ಲ. ಒಮ್ಮೆ ಸೊಂಟದಲ್ಲಿ ಎದ್ದಾಗ ಅಮ್ಮನೇ ಹಚ್ಚಿದ್ದಳು. ವರ್ಷ ತುಂಬುವ ಮೊದಲೇ ಮತ್ತೆ ಬಂದ.

"ಅಮ್ಮ, ಈ ಸಲ ಬೆನ್ನಗೆ ಎದ್ದಿತ್ ಕಾಣಿ."

ಅಮ್ಮ ಬೆನ್ನು ನೋಡಿ ಸುಮ್ಮನಾಗಲಿಲ್ಲ. "ಕೈ ತೋರ್ಸ್ ಮಗಾ" ಎಂದಳು. ತೋಳಿನ ತುಂಬ ತುರಿಸಿ ತುರಿಸಿ ಕಪ್ಪಾದ ಸಣ್ಣ ಗಂಟುಗಳು. ಕಾಲಲ್ಲೂ ಹಾಗೇ.

"ಇದ್ ಎಷ್ಟ್ ದಿನದಿಂದ ಇತ್ತ್?"

"ಆರ್ ತಿಂಗ್ಳಾಯ್ತ್. ಸೊಳ್ಳೆ ಕಚ್ಚಿದ್ದಾಯ್ಕ್."

ಅಮ್ಮ ಕೆಮ್ಮಣ್ಣಿನ ಬಟ್ಟಲನ್ನು ಪಕ್ಕಕ್ಕಿಟ್ಟಳು. "ನಾನ್ ಹಚ್ಚುದಿಲ್ಲೆ. ಕುಂದಾಪ್ರಕ್ಕೆ ಹೋಯಿ ಡಾಕ್ಟ್ರಿಗೆ ತೋರ್ಸ್. ರಕ್ತ ಪರೀಕ್ಷೆ ಮಾಡ್ಸ್, ಎಚ್‌ಐವಿದೂ ಸೇರ್ಸಿ."

ಅವನ ಮುಖ ಕೆಂಪಾಯಿತು. "ಎಂತ ಮಾತಮ್ಮ ಇದ್? ನಾನ್ ಅಂಥವ ಅಲ್ಲ."

"ಅಂಥವ ಇಂಥವ ಅಂದೇಳಿ ನಾನ್ ಹೇಳ್ಲಿಲ್ಲೆ ಮಗಾ. ಇಲ್ದಿರೆ ಒಳ್ಳೇದೇ ಆಯ್ತ್. ಇದ್ರೂ ಈಗ ಮದ್ದಿತ್ತ್."

ಅಂಗಿ ಹಾಕಿಕೊಂಡು ಎದ್ದು ಹೋದ. ನಾನು ಅಮ್ಮನ ಮೇಲೆ ರೇಗಿದೆ. ನಾಲ್ಕು ಜನರಿಗೆ ಗೊತ್ತಾದರೆ ಏನು ಗತಿ, ನಿನಗೇಕೆ ಬೇಕಿತ್ತು ಎಂದೆ. ಆಗ ಅವಳು ಹೇಳಿದ್ದು, ಹಿಂದೆ ಮೀನು ಮಾರುವ ಒಬ್ಬ ಹೆಂಗಸಿಗೆ ತಾನು ಮೂರು ಸಲ ಹಚ್ಚಿದ್ದನ್ನು. ಅವಳ ಮೈಯಲ್ಲೂ ಇಂಥದೇ ಗಂಟುಗಳು. ಮೀನಿನ ನೀರು ತಾಗಿ ಎಂದುಕೊಂಡಿದ್ದರಂತೆ. ಆಸ್ಪತ್ರೆ ಸೇರಿ ಎಚ್‌ಐವಿ ಎಂದು ಗೊತ್ತಾಗುವಾಗ ತಡವಾಗಿತ್ತು, ಉಳಿಯಲಿಲ್ಲ. ಆಮೇಲೆ ಅಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೂರಿಸಿಕೊಂಡು ಎಲ್ಲ ಕೇಳಿ ತಿಳಿದುಕೊಂಡಿದ್ದಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ಅಮ್ಮ!

ತಿಂಗಳಾದರೂ ಅವನ ಸುಳಿವಿರಲಿಲ್ಲ. ಬೈಂದೂರು ಪೇಟೆಯಲ್ಲಿ ಅವನ ತಾಯಿ ಸಿಕ್ಕರೂ ಮುಖ ತಿರುಗಿಸಿದರು. ಅಮ್ಮ ಮಾತ್ರ, "ಸಿಟ್ಟ್ ಮಾಡ್ಕಣ್ಲಿ, ಹೋದ್ರೆ ಸಾಕ್" ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಅವನೇ ಬಂದು ಜಗಲಿಯಲ್ಲಿ ಕೂತ. "ನೀವ್ ಹೇಳಿದ್ದೇ ಆಯ್ತಮ್ಮ" ಎಂದವನು ಸ್ವಲ್ಪ ಹೊತ್ತು ಅತ್ತ. ಹೆಂಡತಿಯ ರಕ್ತದಲ್ಲಿ ಏನೂ ಇರಲಿಲ್ಲ. ಅವನಿಗೆ ಮಾತ್ರೆ ಶುರುವಾಗಿತ್ತು. ಸರ್ಪಸುತ್ತು ಬಂದವರಿಗೆಲ್ಲ ಈ ಕಾಯಿಲೆ ಇರುವುದಿಲ್ಲ, ಆದರೆ ಸಣ್ಣ ಪ್ರಾಯದಲ್ಲಿ ಮತ್ತೆ ಮತ್ತೆ ಬಂದರೆ, ಜೊತೆಗೆ ಇಂಥ ತುರಿಕೆಯಿದ್ದರೆ ಪರೀಕ್ಷೆ ಮಾಡಿಸಲೇಬೇಕು ಎಂದಿದ್ದರಂತೆ ಡಾಕ್ಟರು. ನಿನ್ನನ್ನು ಕಳಿಸಿದ್ದು ಯಾರು ಎಂದೂ ಕೇಳಿದರಂತೆ.

"ಊರಗೆ ಮದ್ದ್ ಕೊಡುವ ಅಮ್ಮ ಅಂದೆ. ಅವ್ರಿಗೆ ನನ್ ನಮಸ್ಕಾರ ಹೇಳಿ ಅಂದ್ರ್."

 ಅಮ್ಮ ಅವನಿಗೆ ಚಾ ತಂದುಕೊಟ್ಟು, ಹತ್ತಿರವೇ ಕೂತು, ತಾನೂ ಕುಡಿದಳು.

ಈಗ ಅವನು ಬ್ರಹ್ಮಾವರದಲ್ಲಿ ಸಣ್ಣ ಕ್ಯಾಂಟೀನ್ ನಡೆಸುತ್ತಾನೆ. ದಿನಾ ತಪ್ಪದೆ ಮಾತ್ರೆ ನುಂಗುತ್ತಾನೆ, ತೋಳಿನ ಕಲೆಗಳು ಮಾಸಿವೆ. ಇದನ್ನು ಬರೆಯಲೇ ಎಂದು ಕೇಳಿದಾಗ, "ಹೆಸ್ರ್ ಬೇಡ, ಬರೀನಿ" ಎಂದು ಒಪ್ಪಿದ. ಅಮ್ಮನನ್ನು ಕೇಳಿದರೆ, ಬರೆಯುವಂಥದ್ದು ಏನಿದೆ ಎನ್ನುತ್ತಾಳೆ. ನನಗಂತೂ ಇದೆ.