ಸ್ಲೈಡಿನೊಳಗೆ ಒಣಗಿದ ಗಂಧ

೨೦೨೨ನೇ ಇಸವಿ. ನನಗೆ ಆಗ ಅರವತ್ತಾರು ವರ್ಷ. ಹುಣಸೂರಿನಲ್ಲಿ ಸರ್ಕಾರದ ಪರವಾನಗಿ ಪಡೆದ ಕೋವಿ ರಿಪೇರಿ ಅಂಗಡಿ ನನ್ನದು. ಅಪ್ಪನಿಂದ ಬಂದ ಕಸುಬು. ನಲವತ್ತು ವರ್ಷ ಅದೇ ಬೆಂಚಿನ ಮುಂದೆ ಬಗ್ಗಿ ಕೂತು ಬೆನ್ನು ಬಗ್ಗಿದಂತೆಯೇ ನಿಂತುಹೋಗಿತ್ತು.

ಬರುತ್ತಿದ್ದ ಕೆಲಸವೆಲ್ಲ ಒಂದೇ ತೆರ. ಎಚ್.ಡಿ. ಕೋಟೆ, ಕಾಕನಕೋಟೆ ಕಡೆಯ ರೈತರು ಬೆಳೆ ಕಾಯಲು ಇಟ್ಟುಕೊಂಡ ಒಂಟಿ ನಳಿಗೆಯ ಕೋವಿಗಳು. ಚುನಾವಣೆ ಬಂದಾಗ ಅವೆಲ್ಲ ಠಾಣೆಗೆ ಜಮಾ ಆಗುತ್ತವೆ, ಮುಗಿದ ಮೇಲೆ ತುಕ್ಕು ಹಿಡಿದು ನನ್ನ ಅಂಗಡಿಗೆ ಬರುತ್ತವೆ. ತುಕ್ಕು ಬಿಡಿಸು, ಎಣ್ಣೆ ಹಾಕು, ರಿಜಿಸ್ಟರ್ ಬರೆ. ಕೊನೆಕೊನೆಗೆ ಅಂಗಡಿಯ ಬಾಗಿಲು ತೆರೆಯುವುದಕ್ಕೇ ಬೇಸರವಾಗುತ್ತಿತ್ತು. ಸಾಕಾಗಿತ್ತು, ಅಷ್ಟೇ.

ಅಂಥ ದಿನಗಳಲ್ಲಿ, ಆಯುಧಪೂಜೆಗೆ ಒಂದು ವಾರ ಇರುವಾಗ, ಸವಿತಾ ಬಂದರು. ಪಿರಿಯಾಪಟ್ಟಣದ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಟೀಚರು. ತವರು ಕೆ.ಆರ್. ನಗರದ ಹೊಸ ಅಗ್ರಹಾರ. ಅವರ ತಂದೆಯ ಗದ್ದೆ ಕಾಯುವ ಕೋವಿಯನ್ನು ಇಪ್ಪತ್ತು ವರ್ಷ ನಾನೇ ರಿಪೇರಿ ಮಾಡಿದ್ದೆ. ಸವಿತಾ ಪಿಸ್ತೂಲು ಸ್ಪರ್ಧೆಗಳಲ್ಲಿ ಗುರಿ ಹೊಡೆಯುತ್ತಿದ್ದವರು. ಪರವಾನಗಿ ಇದ್ದ ಸೆಮಿ ಆಟೋಮ್ಯಾಟಿಕ್ ಪಿಸ್ತೂಲು, ಜೊತೆಗೆ ಹೊರದೇಶದಿಂದ ತರಿಸಿದ ಹೊಸ ಮ್ಯಾಚ್ ಬ್ಯಾರೆಲ್, ಅದರ ಅನುಮತಿ ಪತ್ರಗಳು, ಎಲ್ಲವನ್ನೂ ಬೆಂಚಿನ ಮೇಲೆ ಇಟ್ಟರು.

“ಇದು ಬರಕ್ಕೇ ಹದಿನಾಲ್ಕು ತಿಂಗ್ಳು ಆಯ್ತು ಕಣ್ರೀ ಆಚಾರ್ರೇ. ಬರೋ ತಿಂಗ್ಳು ರಾಜ್ಯ ತಂಡದ ಆಯ್ಕೆ ಅದೆ. ನಂಗೀಗ ಮೂವತ್ತೊಂಬತ್ತು. ಇದೊಂದ್ಸಲ ಆಗ್ಲಿಲ್ಲ ಅಂದ್ರೆ ಇನ್ನು ಬುಡಿ, ನಂಗೆ ಛಾನ್ಸಿಲ್ಲ.”

ಹಳೆಯ ಬ್ಯಾರೆಲ್ ಸವೆದಿತ್ತು. ಕೈ ಎಷ್ಟೇ ಗಟ್ಟಿಯಿದ್ದರೂ ಗುಂಡುಗಳು ಒಂದೆಡೆ ಬೀಳುತ್ತಿರಲಿಲ್ಲ. ಮ್ಯಾಚ್ ಬ್ಯಾರೆಲ್ ಅಂದರೆ ಸ್ಪರ್ಧೆಗೆಂದೇ ಮಾಡಿದ ನಳಿಗೆ. ಅದು ತಂದ ಕೂಡಲೇ ಕೂರುವ ವಸ್ತುವಲ್ಲ. ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಸರಿಯುವ ಸ್ಲೈಡಿನೊಳಗೆ ಅದು ಪ್ರತಿ ಗುಂಡಿಗೂ ಒಂದೇ ಜಾಗದಲ್ಲಿ ಬಿಗಿಯಾಗಿ ಕೂರಬೇಕು. ಅದಕ್ಕಾಗಿ ತಯಾರಿಸುವವರು ಬೇಕೆಂದೇ ಕೂದಲೆಳೆಯಷ್ಟು ಲೋಹ ಹೆಚ್ಚಿಗೆ ಬಿಟ್ಟಿರುತ್ತಾರೆ. ದೀಪದ ಮಸಿ ಸವರಿ ಕೂರಿಸಿ ನೋಡುವುದು, ತಾಗಿ ಮಸಿ ಅಳಿಸಿಹೋದ ಕಡೆ ಸಣ್ಣ ಅರದಿಂದ ಒಮ್ಮೆ ಎಳೆಯುವುದು, ಮತ್ತೆ ನೋಡುವುದು. ಕೈಗಿಂತ ತಾಳ್ಮೆ ಮುಖ್ಯ. ಒಮ್ಮೆ ತೆಗೆದ ಲೋಹವನ್ನು ಮತ್ತೆ ಅಂಟಿಸಲಾಗುವುದಿಲ್ಲ.

ನಾಲ್ಕು ದಿನ ಕೂತೆ. ಬಹಳ ವರ್ಷದ ನಂತರ ಕೆಲಸದಲ್ಲಿ ಖುಷಿ ಕಂಡೆ ಎಂದರೆ ಸುಳ್ಳಲ್ಲ. ಹಬ್ಬದ ಹಿಂದಿನ ಸಂಜೆಗೆ ಬ್ಯಾರೆಲ್ ಹೆಚ್ಚುಕಡಿಮೆ ಕೂತಿತ್ತು. ಇನ್ನೊಂದೆರಡು ಎಳೆತ ಸಾಕು, ಹಬ್ಬ ಕಳೆದ ಮೇಲೆ ಮುಗಿಸೋಣ ಎಂದು ಅರ ಕೆಳಗಿಟ್ಟೆ.

ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿ. ಆಯುಧಪೂಜೆಗೆ ಬಿಚ್ಚಿದ ಕೋವಿಯನ್ನು ಬಿಚ್ಚಿದಂತೆಯೇ ಇಡಬೇಕು. ಅರ್ಧವಾದ ಕೆಲಸವನ್ನು ಜೋಡಿಸಿ ಆಗಿದೆ ಎಂಬಂತೆ ದೇವರ ಮುಂದೆ ಇಡಬಾರದು ಎನ್ನುತ್ತಿದ್ದರು ಅಪ್ಪ. ಪೂಜೆ ಮಾತ್ರ ಪ್ರತಿ ವರ್ಷ ನನ್ನ ಹೆಂಡತಿ ಜಯಮ್ಮನ ಕೈಯದು. ಆ ವರ್ಷ ಅವಳಿಗೆ ಮಂಡಿ ಆಪರೇಷನ್ ಆಗಿತ್ತು. ಮಂಚದ ಮೇಲೆ ಮಲಗಿಯೇ ಅಪ್ಪಣೆ ಕೊಟ್ಟಳು:

“ರೀ, ಕಬ್ಬಿಣಕ್ಕೆ ಗಂಧ ಹಚ್ಬ್ಯಾಡಿ ಕಣ್ರೀ. ಮರದ ಹಿಡಿಗೆ ಮಾತ್ರ ಹಚ್ಚಿ. ನಾನು ಯಾವಾಗ್ಲೂ ಅಂಗೇ ಮಾಡೋದು.”

“ನಂಗೊತ್ತಿಲ್ವೇನೇ, ನಲವತ್ತು ವರ್ಷದ ಕಸುಬು” ಎಂದೆ. ನಿಜವಾಗಿ ಗೊತ್ತಿರಲಿಲ್ಲ. ಅಷ್ಟು ವರ್ಷ ಅವಳು ಎಲ್ಲಿ ಹಚ್ಚುತ್ತಿದ್ದಳು ಎಂದು ನಾನು ಕಣ್ಣಿಟ್ಟು ನೋಡಿಯೇ ಇರಲಿಲ್ಲ.

ಸಾಣೆಕಲ್ಲಿನ ಮೇಲೆ ಗಂಧ ತೇಯ್ದೆ. ಹಿಡಿ ಯಾವುದು, ಕಬ್ಬಿಣ ಯಾವುದು ಎಂದು ನೋಡದೆ ಅರಗಳಿಗೆ, ಲೋಹ ಕಚ್ಚಿ ಹಿಡಿಯುವ ವೈಸಿಗೆ, ರೈತರ ಕೋವಿಗಳಿಗೆ ಹಚ್ಚಿ ಕುಂಕುಮ ಇಟ್ಟೆ. ಸವಿತಾ ಅವರ ಸ್ಲೈಡು ತಟ್ಟೆಯಲ್ಲಿ ಬೋರಲಾಗಿ, ಒಳಭಾಗ ಮೇಲಾಗಿ ಮಲಗಿತ್ತು. ಅದಕ್ಕೂ ಒಂದು ಬೊಟ್ಟು. ಆ ಹೆಣ್ಣುಮಗಳು ಗೆಲ್ಲಲಿ ಎಂದು ಅದಕ್ಕೆ ಸ್ವಲ್ಪ ಧಾರಾಳವಾಗಿಯೇ ಹಚ್ಚಿದೆ.

ವಿಜಯದಶಮಿ ಕಳೆದು ಮತ್ತೆ ಬೆಂಚಿಗೆ ಕೂತೆ. ಎಲ್ಲವನ್ನೂ ಒಣಬಟ್ಟೆಯಲ್ಲಿ ಒರೆಸಿದೆ. ಜಯಮ್ಮನ ನೋವಿನಿಂದಾಗಿ ಮೂರು ದಿನ ನನಗೂ ನಿದ್ದೆಯಿರಲಿಲ್ಲ, ಕಣ್ಣು ಉರಿಯುತ್ತಿತ್ತು. ಬ್ಯಾರೆಲ್ ಕೂರಿಸಿದರೆ ಕೂರಲಿಲ್ಲ. ಹಬ್ಬಕ್ಕೆ ಮುಂಚೆಗಿಂತ ಬಿಗಿ! ಎರಡು ದಿನದಲ್ಲಿ ಕಬ್ಬಿಣ ಊದಿಕೊಳ್ಳುವುದಿಲ್ಲ ಎಂದು ನನಗೆ ಹೊಳೆಯಬೇಕಿತ್ತು. ಟಾರ್ಚು ಹಿಡಿದು ಸ್ಲೈಡಿನ ಒಳಗೊಮ್ಮೆ ನೋಡಬೇಕಿತ್ತು. ನೋಡಲಿಲ್ಲ. ಮೊದಲು ಸರಿಯಾಗಿ ಅಂದಾಜು ಮಾಡಿರಲಿಲ್ಲವೇನೋ ಅಂದುಕೊಂಡು ಅರ ಎತ್ತಿಕೊಂಡೆ. ಮಸಿ ಅಳಿಸಿಹೋದ ಜಾಗದಲ್ಲಿ ಒಂದು, ಎರಡು, ಐದು ಎಳೆತ. ಬ್ಯಾರೆಲ್ ಅಚ್ಚುಕಟ್ಟಾಗಿ ಕೂತಿತು. ಎಷ್ಟು ಚೆನ್ನಾಗಿ ಕೂತಿತೆಂದರೆ ಒಳಗೆ ಹೋಗಿ ಜಯಮ್ಮನಿಗೆ ತೋರಿಸಿ ಬಂದೆ.

ಆಮೇಲೆ ಕೊನೆಯ ಜೋಡಣೆಗೆ ಮುಂಚೆ ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಬ್ರಷ್ ಹಾಕಿದೆ. ಜೋಡಿಸಿ ಅಲ್ಲಾಡಿಸಿದರೆ ಕಟಕಟ ಸದ್ದು. ಬ್ಯಾರೆಲ್ ಸಡಿಲ. ತೊಳೆದ ಸೀಮೆಎಣ್ಣೆಯ ಬಟ್ಟಲಿನ ತಳ ನೋಡಿದೆ. ಅಲ್ಲಿ ಹುಣಸೆಬೀಜದ ಸಿಪ್ಪೆಯಷ್ಟು ಒಂದು ಹಕ್ಕಳೆ ಬಿದ್ದಿತ್ತು. ಒಣಗಿ ಕಲ್ಲಾದ ಗಂಧ, ಅದರ ಮೇಲೆ ಕುಂಕುಮದ ಕೆಂಪು.

ನಾನು ಆ ಗಂಧಕ್ಕೆ ಅಳತೆ ಮಾಡಿ ಬ್ಯಾರೆಲ್ಲಿಗೆ ಅರ ಹಾಕಿದ್ದೆ.

ಎರಡು ದಿನ ಯಾರಿಗೂ ಹೇಳಲಿಲ್ಲ. ಮನಸ್ಸಿಗೆ ಬಂದದ್ದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಗುಂಡು ಹಾರುವುದಕ್ಕೆ ಅಪಾಯವೇನಿರಲಿಲ್ಲ, ಅಳೆದು ನೋಡಿದ್ದೆ. ಹಳೆಯದಕ್ಕಿಂತ ತುಸು ಕಡೆಯಾಗಿ ಹೊಡೆಯುತ್ತದೆ, ಅಷ್ಟೇ. ಸ್ವಲ್ಪ ದಪ್ಪನೆಯ ಗ್ರೀಸ್ ತುಂಬಿದರೆ ಸದ್ದೂ ಕೇಳುವುದಿಲ್ಲ. ಬ್ಯಾರೆಲ್ ಬಂದದ್ದೇ ಹೀಗೆ ಎಂದರೆ ಕೇಳುವವರು ಯಾರು? ಸಾಲದ್ದಕ್ಕೆ ನನಗೆ ವಯಸ್ಸಾಗಿದೆ, ಸುಸ್ತಾಗಿದೆ, ಇದೊಂದು ಹೀಗೇ ದಾಟಿಹೋಗಲಿ ಅನ್ನಿಸಿತು.

ಜಯಮ್ಮ ನನ್ನ ಮುಖ ನೋಡಿಯೇ ಕೇಳಿದಳು. ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ.

“ಬಿಚ್ಚಿದ್ದನ್ನ ಬಿಚ್ಚಿದಂಗೇ ಇಡಬೇಕು ಅಂತ ದೇವ್ರಿಗೆ ಮಾತ್ರಾನಾ ನಿಮ್ಮಪ್ಪ ಹೇಳಿದ್ದು?” ಎಂದು ಆ ಕಡೆ ತಿರುಗಿ ಮಲಗಿದಳು.

ಫೋನ್ ಮಾಡಿದೆ. ಸವಿತಾ ಶಾಲೆ ಮುಗಿಸಿ ಬಸ್ಸಿನಲ್ಲಿ ಬಂದರು. ನಾನು ಪಿಸ್ತೂಲನ್ನು ಜೋಡಿಸದೆ, ಬಿಡಿಬಿಡಿಯಾಗಿಯೇ ಬಟ್ಟೆಯ ಮೇಲೆ ಇಟ್ಟಿದ್ದೆ. ಪಕ್ಕದಲ್ಲಿ ಒಂದು ಕಾಗದದ ಮೇಲೆ ಆ ಗಂಧದ ಹಕ್ಕಳೆ. ಆದದ್ದನ್ನು ಆದ ಹಾಗೆ ಹೇಳಿದೆ. ಅವರು ಬ್ಯಾರೆಲ್ ಎತ್ತಿ ನೋಡಿದರು. ಕಣ್ಣು ತುಂಬಿದ್ದು ಕಂಡಿತು.

“ಇನ್ನೊಂದು ತರ್ಸಕ್ಕೆ ಟೈಮಿಲ್ಲ, ಅಲ್ವಾ?”

“ಇಲ್ಲ ಮೇಡಂ.”

“ಹಳೇದು ಹಾಕಕ್ಕಾಯ್ತದಾ?”

“ಆಯ್ತದೆ. ಅರ ಹಾಕಿದ್ದು ಹೊಸ ಬ್ಯಾರೆಲ್‌ಗೆ ಮಾತ್ರ. ಸ್ಲೈಡ್ ಮುಟ್ಟಿಲ್ಲ.”

“ಹಾಕಿ ಕೊಡಿ. ಅದ್ರಲ್ಲೇ ಹೊಡಿತೀನಿ.”

ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ. ಪಿಸ್ತೂಲನ್ನು ಪೆಟ್ಟಿಗೆಗೆ ಹಾಕಿಕೊಂಡು, ರಿಜಿಸ್ಟರಿಗೆ ಸಹಿ ಹಾಕಿ, ಒಳಗೆ ಹೋಗಿ ಜಯಮ್ಮನ ಮಂಡಿ ವಿಚಾರಿಸಿ ಬಸ್ ಸ್ಟ್ಯಾಂಡಿಗೆ ಹೊರಟುಹೋದರು.

ಆಯ್ಕೆ ಮೂರು ಅಂಕದಲ್ಲಿ ತಪ್ಪಿತು. ನಾನೇ ಫೋನ್ ಮಾಡಿ ಕೇಳುವ ಧೈರ್ಯವಿರಲಿಲ್ಲ. ಒಂದು ವಾರದ ಮೇಲೆ ಅವರೇ ಅಂಗಡಿಗೆ ಬಂದು ಹೇಳಿದರು. ನಾನು ತಲೆ ಎತ್ತಲಿಲ್ಲ.

“ಆಚಾರ್ರೇ, ಒಂದ್ ಮಾತು ಹೇಳ್ತೀನಿ ಕೇಳಿ. ಹೊಸಾ ಬ್ಯಾರೆಲ್ ಇದ್ದಿದ್ರೆ ಆ ಮೂರು ಬತ್ತಿತ್ತೋ ಇಲ್ವೋ, ನಂಗೊತ್ತಿಲ್ಲ. ಕ್ವಾಪ ಇಲ್ಲ ಅಂತ ಸುಳ್ಳೇಳಲ್ಲ, ಅದೆ. ಆದ್ರೆ ನೀವು ಹೇಳ್ದೆ ಕೊಟ್ಟಿದ್ರೆ, ಇಷ್ಟು ಒಳ್ಳೇ ಬ್ಯಾರೆಲ್ ಹಾಕುಸ್ಕೊಂಡೂ ಗುಂಡು ಒಂದ್ಕಡೆ ಬೀಳ್ತಿಲ್ವಲ್ಲ, ನನ್ ಕೈಯೇ ಹೋಯ್ತು ಅಂದ್ಕೊಂಡು ಪಿಸ್ತೂಲು ಮಾರ್ಬುಡ್ತಿದ್ದೆ ಕಣ್ರೀ.”

ನನಗೆ ಅಳು ಬಂತು. ಬೆಂಚಿನ ಬಟ್ಟೆಯಲ್ಲೇ ಮುಖ ಒರೆಸಿಕೊಂಡೆ, ಮೂಗಿಗೆಲ್ಲ ಸೀಮೆಎಣ್ಣೆ ವಾಸನೆ.

ಮುಂದಿನ ವರ್ಷ ಪರವಾನಗಿ ನವೀಕರಿಸಲಿಲ್ಲ. ಒಂದು ತಪ್ಪಿಗೆ ಹೆದರಿ ಬಿಟ್ಟೆ ಎಂದಲ್ಲ. ದಣಿದಿದ್ದೆ, ದಣಿದ ಕಣ್ಣು ಟಾರ್ಚು ಹಿಡಿಯುವುದನ್ನು ಮರೆಯುತ್ತದೆ ಎಂದು ಅರ್ಥವಾಗಿತ್ತು. ಅದು ಆ ಕೆಲಸ ಕಲಿಸಿದ ಸಣ್ಣ ಪಾಠ. ದೊಡ್ಡದನ್ನು ಸವಿತಾ ಹೇಳಿಕೊಟ್ಟರು. ನಾವು ಮಾಡಿದ ತಪ್ಪು ನಮ್ಮ ಬೆಂಚಿನ ಮೇಲೆಯೇ ಇರಬೇಕು. ಹೇಳದೆ ಕಳಿಸಿದರೆ ಅದು ಹೊಡೆಯುವವರ ಕೈಗೆ ಹೋಗಿ ಸೇರಿಕೊಳ್ಳುತ್ತದೆ, ಅವರು ಜೀವಮಾನವಿಡೀ ಅದನ್ನು ತಮ್ಮದೆಂದು ಹೊರುತ್ತಾರೆ.

ಸವಿತಾ ಈಗಲೂ ಅದೇ ಹಳೆಯ ಬ್ಯಾರೆಲ್‌ನಲ್ಲಿ ಹೊಡೆಯುತ್ತಾರೆ. ಪ್ರತಿ ಆಯುಧಪೂಜೆಯ ದಿನ ಫೋನ್ ಮಾಡಿ, “ಆಚಾರ್ರೇ, ಹಿಡಿಗೆ ಮಾತ್ರ ಹಚ್ಚಿದೀನಿ” ಎನ್ನುತ್ತಾರೆ.