ಕುಲ್ಸುಮ್ ಬೆಟ್ಟಕ್ಕೆ ಕಳಿಸಿದ ಮೆಣಸಿನ ಬಳ್ಳಿ

ಯಲಹಂಕದ ಪುಟ್ಟೇನಹಳ್ಳಿ ಕೆರೆಯ ಹಿಂದಿರುವ ಕುಲ್ಸುಮಳ ನರ್ಸರಿಗೆ ಬರುವವರು ಹೆಚ್ಚಾಗಿ ಅಪಾರ್ಟ್‌ಮೆಂಟಿನವರು. ಬಾಲ್ಕನಿಗೆ ದಾಸವಾಳ, ತುಳಸಿ ಕೇಳುತ್ತಾರೆ. ಆದರೆ ಅವಳ ಜೀವವೆಲ್ಲ ನೆರಳುಬಲೆಯ ಕೆಳಗಿನ ಕಾಳುಮೆಣಸಿನ ಬಳ್ಳಿಗಳ ಮೇಲೆ. ಮದುವೆಗೆ ಮುಂಚೆ ಮೂಡಿಗೆರೆಯ ತೋಟವೊಂದರಲ್ಲಿ ತಾಯಿಯ ಜೊತೆ ಮೆಣಸು ಕೊಯ್ದವಳು. ಬಳ್ಳಿಯ ತುಂಡಿಗೆ ಬೇರು ಬರಿಸುವುದನ್ನು ಕಲಿತದ್ದೂ ಅಲ್ಲೇ. ಈ ವರ್ಷ ಮೊದಲ ಸಲ ಅವಳ ಸಸಿಗಳು ಬೆಟ್ಟ ಹತ್ತಿದ್ದವು. ಸಕಲೇಶಪುರದ ಕಡೆ ತೋಟ ಮಾಡುವ ವೇದಾ ಒಂದು ಜೀಪು ತುಂಬ ಒಯ್ದಿದ್ದರು.

ಅವರು ಹೋದ ಮರುವಾರ, ಉಳಿದ ಸಸಿಗಳಿಗೆ ನೀರು ಬಿಡುವಾಗ ಎಲೆಯೊಂದರ ಮೇಲೆ ಕಪ್ಪು ಮಚ್ಚೆ ಕಂಡಿತು. ಪಕ್ಕದ್ದರಲ್ಲೂ ಇತ್ತು. ಕಿತ್ತು ನೋಡಿದರೆ ಬೇರು ಕೊಳೆತಿತ್ತು. ಸೊರಗು ರೋಗ. ಮಳೆನೀರಿನ ಜೊತೆ ಹರಿದು ತೋಟಕ್ಕೆ ತೋಟವನ್ನೇ ಒಣಗಿಸುವಂಥದ್ದು. ಚಿಕ್ಕಂದಿನಲ್ಲಿ ಅದನ್ನು ಕುಲ್ಸುಮ್ ಕಣ್ಣಾರೆ ಕಂಡಿದ್ದಳು.

ಅವರಾಗಿಯೇ ಫೋನ್ ಮಾಡುವ ತನಕ ಸುಮ್ಮನಿರು, ಅಲ್ಲಿಯವು ಚೆನ್ನಾಗಿಯೇ ಇರಬಹುದು ಎಂದ ಗಂಡ ಗಯಾಸ್. ಅವಳು ಕೇಳಲಿಲ್ಲ. ಊಟದ ತಟ್ಟೆ ಸರಿಸಿ ವೇದಾಗೆ ಫೋನ್ ಹಚ್ಚಿದಳು.

“ಮೇಡಂ, ನಾನ್ ಕೊಟ್ಟ ಸಸೀಲಿ ರೋಗ ಇದೆ ಅನ್ಸುತ್ತೆ. ನೆಡ್ಬೇಡಿ.”

“ಅರ್ಧ ನೆಟ್ಟಾಯ್ತಲ್ಲಮ್ಮ,” ಎಂದರು ವೇದಾ. “ಹಳೇ ಬಳ್ಳಿಗಳಿಗಿಂತ ಮೇಲಿನ ಇಳಿಜಾರಲ್ಲೇ. ನಿನ್ನೆಯಿಂದ ಮಳೆ ಬೇರೆ ಹಿಡ್ಕೊಂಡಿದೆ.”

“ಎಲ್ಲಾ ಕಿತ್ತಾಕ್ಸಿ ಮೇಡಂ. ಬುಡದ ಮಣ್ಣೂ ಬಿಡ್ಬೇಡಿ. ದೂರ ತಗೊಂಡೋಗಿ ಸುಟ್ಬಿಡಿ.”

ವೇದಾ ಫೋನ್ ಇಟ್ಟರು.

ಅಂದೇ ಸಂಜೆ ಕುಲ್ಸುಮ್ ತನ್ನ ನೆರಳುಬಲೆಯ ಕೆಳಗಿದ್ದ ಮೆಣಸನ್ನೆಲ್ಲ ಕಿತ್ತು ಸುಟ್ಟಳು. ಆಮೇಲೆ ಯಲಹಂಕದಲ್ಲಿ ಮೋಡ ಕವಿದರೂ ಸಾಕು, ಬೆಟ್ಟದಲ್ಲಿ ಏನಾಗುತ್ತಿದೆಯೋ ಎಂದು ಯೋಚಿಸುತ್ತಿದ್ದಳು. ಮತ್ತೆ ಫೋನ್ ಮಾಡಿ ಕೇಳುವ ಧೈರ್ಯ ಬರಲಿಲ್ಲ. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಗಯಾಸನ ಕೈಗೆ ಕೊಟ್ಟುಬಿಡುತ್ತಿದ್ದಳು.

ಮಳೆಗಾಲ ಮುಗಿದ ಮೇಲೆ ವೇದಾ ಹೇಳದೆ ಕೇಳದೆ ಬಂದರು. ಕುಲ್ಸುಮ್ ಎದ್ದು ನಿಂತಳು. ಕುರ್ಚಿ ಕೊಡಲೂ ತೋಚಲಿಲ್ಲ.

“ಕೆಲವು ಹಳೇ ಬಳ್ಳಿ ಹೋದ್ವು. ನಮ್ಮಾವ ನೆಟ್ಟಿದ್ದು,” ಎಂದರು ವೇದಾ. “ನಿಮ್ಮ ಸಸಿ ಕಿತ್ತು ಸುಡ್ಸಿದ್ಮೇಲೆ ಮಿಕ್ಕಿದ್ದೆಲ್ಲ ಹಸಿರಾಗಿದೆ. ನೀವು ಅವತ್ತೇ ಹೇಳ್ದೆ ಇದ್ದಿದ್ರೆ ಗುಡ್ಡಾನೇ ಬೋಳಾಗೋದು.”

ಕುಲ್ಸುಮ್ ಸೆರಗಿನಿಂದ ಮುಖ ಒರೆಸಿಕೊಂಡಳು. “ತಪ್ಪಾಯ್ತು ಮೇಡಂ.”

ವೇದಾ ನೀರು ಕೇಳಿ ಕುಡಿದರು. ಸಸಿ ಮಾತ್ರ ಕೊಳ್ಳಲಿಲ್ಲ. “ಮುಂದಿನ ವರ್ಷ ನೋಡೋಣ,” ಎಂದು ಹೊರಟರು.

ಈಗ ಹೊಸ ಮಣ್ಣಿನಲ್ಲಿ ಹೊಸ ಬಳ್ಳಿಗಳು ಚಿಗುರಿವೆ. ಕುಲ್ಸುಮ್ ದಿನಾ ಬೆಳಗ್ಗೆ ಒಂದೊಂದೇ ಎಲೆ ಮಗುಚಿ ನೋಡುತ್ತಾಳೆ. ಯಾರಿಗೂ ಇನ್ನೂ ಕೊಟ್ಟಿಲ್ಲ.